ಹುಲಿಯನ್ನು ತಿಂದ ಸಿಂಹ ಏನಾಗುತ್ತದೆ?

ಇತಿಹಾಸವೆಂದರೆ ಯುದ್ಧ, ಒಪ್ಪಂದ, ಪಟ್ಟಾಭಿಷೇಕ ಮತ್ತು ಮರಣದ ಇಸವಿಗಳು ಎಂದು ಶಾಲೆಯ ಮಕ್ಕಳು ನಂಬಿರುತ್ತಾರೆ. ಪರೀಕ್ಷೆಯಲ್ಲಿ ಕೇಳುವುದು ಅದನ್ನೇ ಆದ್ದರಿಂದ ಅವರನ್ನು ದೂರುವಂತಿಲ್ಲ. ಆದರೆ ಒಂದು ಕಾಲದ ಜನರ ಮನಸ್ಸನ್ನು ತಿಳಿಯಬೇಕಾದರೆ ಅವರ ಶಾಸನಗಳ ಜೊತೆಗೆ ಅವರ ಆಟಗಳನ್ನೂ ನೋಡಬೇಕು ಎಂದು ನನಗೆ ಅನ್ನಿಸುತ್ತದೆ. ಶಾಸನದಲ್ಲಿ ರಾಜನು ತಾನು ಲೋಕಕ್ಕೆ ಹೇಗೆ ಕಾಣಬೇಕೋ ಹಾಗೆ ಬರೆಸುತ್ತಾನೆ. ಆಟದಲ್ಲಾದರೋ ಜನರು ತಮಗೆ ಅರಿವಿಲ್ಲದಂತೆಯೇ ತಮ್ಮ ಆಸೆಯನ್ನೂ ಅಂಜಿಕೆಯನ್ನೂ ಹೇಳಿಬಿಡುತ್ತಾರೆ. ಒಂದರ ಮೇಲೊಂದು ಬಿದ್ದು ತಿನ್ನುವ ಪ್ರಾಣಿಗಳ ಆಟವನ್ನು ಮನುಷ್ಯ ಎಷ್ಟು ಕಾಲದಿಂದ ಕಲ್ಲಿನ ಮೇಲೆ, ಬಟ್ಟೆಯ ಮೇಲೆ, ಮರದ ಗೊಂಬೆಯಲ್ಲಿ, ಈಗ ಗಾಜಿನ ತೆರೆಯ ಮೇಲೆ ಆಡುತ್ತಿದ್ದಾನೆ ಎಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ.

ಗಾಜಿನ ತೆರೆಯ ಆಟದ ಪರಿಚಯವನ್ನು ನನಗೆ ಮಾಡಿಕೊಟ್ಟವನು ನನ್ನ ತಂಗಿಯ ಮಗ. ಶಿವಮೊಗ್ಗದಲ್ಲೇ ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಹಳೆಯ ವಿಡಿಯೋ ಆಟಗಳನ್ನು ಹುಡುಕಿ ಕಂಪ್ಯೂಟರಿನಲ್ಲಿ ಆಡುವುದು ಅವನ ಹುಚ್ಚು. ಹಬ್ಬಕ್ಕೆ ಮನೆಗೆ ಬಂದಿದ್ದಾಗ, “ದೊಡ್ಡಮ್ಮಾ, ಇಲ್ಲಿ ಬಾ, ನಿನ್ನ ಇತಿಹಾಸಕ್ಕಿಂತ ಹಳೇ ಕಥೆ ತೋರಿಸ್ತೀನಿ” ಎಂದು ಕರೆದ. ತೆರೆಯ ಮೇಲೆ ಬೆಂಕಿಪೊಟ್ಟಣದಂಥ ಚೌಕ ಮೈಯ ಒಂದು ಪ್ರಾಣಿ ಕುಪ್ಪಳಿಸುತ್ತಿತ್ತು. ತಲೆ ಯಾವುದು, ಬೆನ್ನು ಯಾವುದು ತಿಳಿಯದು. ಕಾಲೆಂದು ಹೇಳಬಹುದಾದದ್ದು ಒಂದೇ ಒಂದು ಹಲಗೆಯ ತುಂಡು. ಆ ಬಡಪಾಯಿ ತನ್ನಂಥದೇ ಇನ್ನೊಂದು ಚೌಕದ ಮೇಲೆ ಹಾರಿ ಅದರ ಕಾಲನ್ನು ಕಿತ್ತು ತಿಂದಿತು. ತಿಂದ ಕ್ಷಣವೇ ಅದರ ಬಣ್ಣ ಬದಲಾಯಿತು, ರೂಪ ಬದಲಾಯಿತು, ನಡೆಯುವ ಗತಿಯೂ ಬದಲಾಯಿತು. ನನಗೆ ನಗು ಬಂತು. “ಇದು ಹಂದಿಯೋ, ಮಣೆಯೋ?” ಎಂದೆ. “ನಗಬೇಡ, ಇದು ಮುಂದೆ ಕಾಡಿಗೇ ರಾಜ ಆಗತ್ತೆ” ಎಂದ.

ಆ ಆಟದ ಹೆಸರು ಕ್ಯೂಬಿವೋರ್. 2002ರಲ್ಲಿ ಜಪಾನಿನಲ್ಲಿ ನಿಂಟೆಂಡೋ ಕಂಪೆನಿಯ ಗೇಮ್‌ಕ್ಯೂಬ್ ಯಂತ್ರಕ್ಕಾಗಿ ಬಂದದ್ದು. ಅಲ್ಲಿನ ಭಾಷೆಯಲ್ಲಿ ಅದಕ್ಕೆ ‘ದೋಬುತ್ಸು ಬಾಂಚೋ’ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಪ್ರಾಣಿಗಳ ದಾದಾ’. ಅದೇ ವರ್ಷ ಅಮೆರಿಕಕ್ಕೆ ಹೋದಾಗ ಹೆಸರಿನ ಕೆಳಗೆ ‘ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್’ ಎಂಬ ಮಾತನ್ನೂ ಸೇರಿಸಿದರು. ಪ್ರಾಣಿ ತಿನ್ನುತ್ತದೆ, ರೂಪ ಬದಲಿಸುತ್ತದೆ, ಮರಿ ಹಾಕಿ ಸಾಯುತ್ತದೆ, ಮರಿ ಇನ್ನೊಂದು ಕಾಲು ಹೆಚ್ಚಾಗಿ ಹುಟ್ಟಿ ಮತ್ತೆ ತಿನ್ನಲು ಹೊರಡುತ್ತದೆ. ಕೊನೆಗೆ ಕಾಡನ್ನೆಲ್ಲ ಆಳುತ್ತಿರುವ ದೊಡ್ಡ ದಾದಾನನ್ನು ಸೋಲಿಸಿ ತಾನೇ ಆ ಜಾಗದಲ್ಲಿ ಕೂರಬೇಕು. ಇಷ್ಟೇ ಆಟ.

ಇದು ಮೊದಲಿನದೂ ಅಲ್ಲವಂತೆ. ಅದಕ್ಕೂ ಹತ್ತು ವರ್ಷ ಹಿಂದೆ, 1992ರಲ್ಲಿ, ಜಪಾನಿನ ಎನಿಕ್ಸ್ ಕಂಪೆನಿ ‘ಇ.ವಿ.ಓ.’ ಎಂಬ ಆಟವನ್ನು ತಂದಿತ್ತು. ಅದರಲ್ಲಿ ನಾವು ಮೀನಾಗಿ ಹುಟ್ಟುತ್ತೇವೆ. ಕಂಡದ್ದನ್ನು ತಿಂದು ಅಂಕ ಗಳಿಸಿ, ಆ ಅಂಕದಿಂದ ಗಟ್ಟಿ ದವಡೆ, ಒಳ್ಳೆಯ ಬಾಲ, ಕೊಂಬುಗಳನ್ನು ಸಂತೆಯಲ್ಲಿ ಕೊಂಡಂತೆ ಕೊಂಡುಕೊಂಡು, ನೀರಿನಿಂದ ದಡಕ್ಕೆ, ದಡದಿಂದ ಬೆಟ್ಟಕ್ಕೆ ಏರುತ್ತ ಹೋಗುತ್ತೇವೆ. ಮೀನಿನಿಂದ ಆರಂಭ ಎಂದ ಕೂಡಲೇ ನಮ್ಮ ದಶಾವತಾರ ನೆನಪಾಗದೆ ಇರದು. 2008ರಲ್ಲಿ ಅಮೆರಿಕದ ವಿಲ್ ರೈಟ್ ಎಂಬಾತ ರೂಪಿಸಿದ ‘ಸ್ಪೋರ್’ ಎಂಬ ಆಟದಲ್ಲಂತೂ ಕಣ್ಣಿಗೆ ಕಾಣದ ಒಂದು ಜೀವಕಣವು ತಿನ್ನುತ್ತ ತಿನ್ನುತ್ತ ಊರು ಕಟ್ಟಿ, ಕೊನೆಗೆ ಆಕಾಶಕ್ಕೇ ಹಾರುತ್ತದೆ.

ಇವನ್ನೆಲ್ಲ ನೋಡಿ ‘ಏನೋ ಹುಡುಗರ ಹುಡುಗಾಟ’ ಎಂದು ನಾನು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಸ್ವಲ್ಪ ದಿನದಲ್ಲಿ ನಮ್ಮ ಶಾಲೆಯ ಮಕ್ಕಳನ್ನು ತ್ಯಾವರೆಕೊಪ್ಪಕ್ಕೆ ಕರೆದುಕೊಂಡು ಹೋಗಬೇಕಾಯಿತು. ಶಿವಮೊಗ್ಗದಿಂದ ಸಾಗರದ ರಸ್ತೆಯಲ್ಲಿರುವ ಆ ಹುಲಿ-ಸಿಂಹಧಾಮ 1988ರಲ್ಲಿ ಆರಂಭವಾದದ್ದು. ನೀವೂ ಮಕ್ಕಳನ್ನು ಕರೆದುಕೊಂಡು ಹೋಗಿರುತ್ತೀರಿ. ಬಲೆ ಹೊದಿಸಿದ ವಾಹನದಲ್ಲಿ ನಾವು ಪಂಜರದ ಪ್ರಾಣಿಗಳಂತೆ ಕೂತಿದ್ದೆವು. ಸಿಂಹ ಮರದ ನೆರಳಿನಲ್ಲಿ ಆರಾಮಾಗಿ ಮಲಗಿತ್ತು. ಆರನೆಯ ತರಗತಿಯ ಹುಡುಗನೊಬ್ಬ ನನ್ನ ಸೆರಗು ಜಗ್ಗಿ ಕೇಳಿದ: “ಮಿಸ್, ಸಿಂಹ ಹುಲೀನ ತಿಂದ್ರೆ ಆಮೇಲೆ ಏನಾಗತ್ತೆ?” ಹೊಟ್ಟೆ ತುಂಬುತ್ತದೆ ಎಂದೆ. ಅವನಿಗೆ ತೃಪ್ತಿಯಾಗಲಿಲ್ಲ. “ಅದಲ್ಲ ಮಿಸ್, ಅದಕ್ಕಿಂತ ದೊಡ್ಡದು ಏನು ಆಗತ್ತೆ?” ಎಂದ. ಅಪ್ಪನ ಮೊಬೈಲಿನಲ್ಲಿ ಅವನೂ ಇಂಥದೇ ಯಾವುದೋ ಆಟ ಆಡುತ್ತಾನೆಂದು ಆಗ ಗೊತ್ತಾಯಿತು. ತಿಂದವನು ದೊಡ್ಡವನಾಗಲೇಬೇಕು, ತಿಂದದ್ದು ಮೈಗೆ ಹೊಸ ರೂಪವಾಗಿ ಬರಲೇಬೇಕು ಎಂಬುದು ಅವನ ಪಾಲಿಗೆ ಸೃಷ್ಟಿಯ ನಿಯಮವಾಗಿಬಿಟ್ಟಿತ್ತು.

ಹುಡುಗನ ಪ್ರಶ್ನೆ ಹೊಸದೆಂದು ತಿಳಿಯಬೇಡಿ. ಅದನ್ನು ಒಂಬೈನೂರು ವರ್ಷಗಳ ಹಿಂದೆಯೇ ನಮ್ಮ ಶಿಲ್ಪಿಗಳು ಕೇಳಿದ್ದರು. ಕೇಳಿ ಉತ್ತರವನ್ನೂ ಕಲ್ಲಿನಲ್ಲಿ ಕೊರೆದಿದ್ದರು. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಅಲ್ಲಿಗೆ ಹೋದ ಹೆಂಗಸರು ಸಾಮಾನ್ಯವಾಗಿ ಕನ್ನಡಿ ಹಿಡಿದ ಸುಂದರಿಯನ್ನು ನೋಡಿ, ಅವಳ ಜಡೆ, ಒಡವೆಗಳನ್ನು ಮಾತಾಡಿಕೊಂಡು ಬರುತ್ತೇವೆ. ಆದರೆ ಅಲ್ಲೇ ಇನ್ನೊಂದು ಶಿಲ್ಪವಿದೆ. ಅಡಿಯಲ್ಲಿ ಒಂದು ಸಣ್ಣ ಪ್ರಾಣಿ. ಅದನ್ನು ಜಿಂಕೆ ಎಂದವರೂ ಉಂಟು, ಇಲಿ ಎಂದವರೂ ಉಂಟು. ಅದನ್ನು ಹಾವು ನುಂಗುತ್ತಿದೆ. ಹಾವನ್ನು ಆನೆ ಸೊಂಡಿಲಿನಿಂದ ಹಿಡಿದಿದೆ. ಆನೆಯ ಮೇಲೆ ಸಿಂಹ ಎರಗಿದೆ. ಸಿಂಹವನ್ನು ಶರಭ ಹಿಡಿದಿದೆ. ಶರಭವನ್ನು ಎರಡು ತಲೆಯ ಗಂಡಭೇರುಂಡ ಹಿಡಿದಿದೆ. ಇಷ್ಟನ್ನೂ ನೋಡುತ್ತ ಒಬ್ಬ ಋಷಿ ಬೆರಗಾಗಿ ನಿಂತಿದ್ದಾನೆ.

ಈ ಸಾಲನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ಓದಿ ನೋಡಿ. ಇಲಿ, ಹಾವು, ಆನೆ, ಸಿಂಹ. ಇಲ್ಲಿಯ ತನಕ ಎಲ್ಲವೂ ಲೋಕದಲ್ಲಿರುವ ಪ್ರಾಣಿಗಳೇ. ಸಿಂಹದ ಮೇಲೆ ಯಾರು ಎಂಬ ಪ್ರಶ್ನೆ ಬಂದಾಗ ಶಿಲ್ಪಿಯ ಕೈಯಲ್ಲಿದ್ದ ನಿಜವಾದ ಪ್ರಾಣಿಗಳು ಮುಗಿದುಹೋದವು. ಅಲ್ಲಿಂದ ಮುಂದೆ ಅವನು ಪುರಾಣಕ್ಕೆ ಕೈಚಾಚಲೇಬೇಕಾಯಿತು. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಕೋಪ ಇಳಿಯದಿದ್ದಾಗ ಶಿವನು ಶರಭನಾಗಿ ಬಂದು ಅವನನ್ನು ಅಡಗಿಸಿದನೆಂದು ಶೈವರು ಹೇಳಿದರು. ಹಾಗಾದರೆ ವಿಷ್ಣುವೇ ಗಂಡಭೇರುಂಡನಾಗಿ ಶರಭನನ್ನು ಅಡಗಿಸಿದನೆಂದು ವೈಷ್ಣವರು ಹೇಳಿದರು. ‘ನಿನ್ನದಕ್ಕಿಂತ ನನ್ನದು ದೊಡ್ಡದು’ ಎಂಬ ಈ ವಾದಕ್ಕೆ ಕೊನೆಯೆಲ್ಲಿ? ನಮ್ಮ ಹುಡುಗ ಕೇಳಿದ್ದೂ ಇದನ್ನೇ ಅಲ್ಲವೇ?

ಭದ್ರಾವತಿಯ ಹಳೆಯ ಪೇಟೆಯ ಲಕ್ಷ್ಮೀನರಸಿಂಹ ದೇವಾಲಯವೂ ಹೊಯ್ಸಳರ ಕಾಲದ್ದೇ. ಹದಿಮೂರನೆಯ ಶತಮಾನದ ತ್ರಿಕೂಟ ಗುಡಿ. ಭದ್ರಾವತಿಗೆ ಆಗ ಬೆಂಕಿಪುರವೆಂದು ಹೆಸರು. ಬೇಲೂರಿನ ಶಿಲ್ಪದಲ್ಲಿ ಸಿಂಹವು ಶರಭನ ಹಿಡಿತದಲ್ಲಿ ಒದ್ದಾಡುತ್ತಿದ್ದರೆ, ಇಲ್ಲಿ ಅದೇ ಸಿಂಹಮುಖದ ದೇವರು ಪಕ್ಕದಲ್ಲಿ ಲಕ್ಷ್ಮಿಯನ್ನು ಕೂರಿಸಿಕೊಂಡು ಸೌಮ್ಯನಾಗಿದ್ದಾನೆ. ಉಗ್ರವನ್ನು ಇನ್ನೂ ದೊಡ್ಡ ಉಗ್ರದಿಂದ ಅಡಗಿಸುವುದು ಒಂದು ದಾರಿ. ಪಕ್ಕದಲ್ಲಿ ಕೂತು ಸಮಾಧಾನ ಮಾಡುವುದು ಇನ್ನೊಂದು. ಎರಡನೆಯದನ್ನು ಮನೆಮನೆಯಲ್ಲಿ ಯಾರು ಮಾಡುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಗಂಡಭೇರುಂಡ ಹೊಯ್ಸಳರಿಗಿಂತ ಮೊದಲೇ ನಮ್ಮ ಜಿಲ್ಲೆಯಲ್ಲಿ ನೆಲೆಸಿತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಸುಮಾರು 30 ಅಡಿ ಎತ್ತರದ ಒಂದು ಕಂಬವಿದೆ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕೈಕೆಳಗೆ ಬನವಾಸಿ ನಾಡನ್ನು ಆಳುತ್ತಿದ್ದ ಚಾಮುಂಡರಾಯರಸ ಅದನ್ನು 1047ರಲ್ಲಿ ನಿಲ್ಲಿಸಿದ. ಅದರ ಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ‘ಗಂಡಭೇರುಂಡ’ ಎಂಬುದು ಆ ಅರಸನ ಬಿರುದೂ ಆಗಿತ್ತು. ಹೊಯ್ಸಳರ ಲಾಂಛನದಲ್ಲಿ ಸಳನು ಮೃಗವನ್ನು ಇರಿಯುತ್ತಾನೆ. ಸಾಗರದ ಹತ್ತಿರದ ಕೆಳದಿಯಲ್ಲಿ ರಾಮೇಶ್ವರ ದೇವಾಲಯದ ಛಾವಣಿಯಲ್ಲಿ ಮತ್ತೆ ಗಂಡಭೇರುಂಡ ಕಾಣಿಸಿಕೊಳ್ಳುತ್ತದೆ. ಪ್ರತಿಯೊಬ್ಬ ದೊರೆಗೂ ತನ್ನ ನೆರೆಯ ದೊರೆಗಿಂತ ಒಂದು ಮೆಟ್ಟಿಲು ಮೇಲಿನ ಮೃಗ ಬೇಕಾಗಿತ್ತು.

ಮೃಗದ ಮಾತು ಬಿಟ್ಟು ಮನುಷ್ಯರ ಮಾತಿಗೆ ಬಂದರೂ ನಮ್ಮ ಸೀಮೆಯ ಇತಿಹಾಸ ಬೇಲೂರಿನ ಆ ಶಿಲ್ಪದಂತೆಯೇ ಇದೆ. ಕೆಳದಿಯ ನಾಯಕರು ಸುತ್ತಲಿನ ಸಣ್ಣ ಪಾಳೆಯಗಳನ್ನು ಒಂದೊಂದಾಗಿ ಸೇರಿಸಿಕೊಂಡು ಬೆಳೆದರು. 1763ರಲ್ಲಿ ಹೈದರಾಲಿ ಅವರ ಬಿದನೂರನ್ನು ಗೆದ್ದುಕೊಂಡ. ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಕೋಟೆಯಲ್ಲಿ ಸೆರೆಯಿಟ್ಟ. ಬಿದನೂರಿನ ಸಂಪತ್ತು ಕೈಗೆ ಬಂದ ಮೇಲೆ ಹೈದರನ ಬಲವೂ ಬೆಳೆಯಿತು. ಆಟದ ಭಾಷೆಯಲ್ಲಿ ಹೇಳುವುದಾದರೆ, ತಿಂದ, ರೂಪ ಬದಲಿಸಿದ. ಅವನ ಮಗ ಟಿಪ್ಪು ಹುಲಿಯನ್ನೇ ತನ್ನ ಗುರುತಾಗಿ ಮಾಡಿಕೊಂಡ. ಸಿಂಹಾಸನಕ್ಕೆ ಹುಲಿಯ ಮುಖ, ಸೈನಿಕರ ಉಡುಪಿಗೆ ಹುಲಿಯ ಪಟ್ಟೆ. ಅವನ ಬಳಿ ಮರದ ಒಂದು ದೊಡ್ಡ ಯಂತ್ರಗೊಂಬೆ ಇತ್ತು. ನೆಲಕ್ಕೆ ಬಿದ್ದ ಒಬ್ಬ ಬಿಳಿಯನ ಮೇಲೆ ಹುಲಿ ಕುಳಿತು ಕೊರಳು ಹಿಡಿದಿದೆ. ಹಿಡಿಯನ್ನು ತಿರುಗಿಸಿದರೆ ಆ ಮನುಷ್ಯನ ಕೈ ಮೇಲೆ ಕೆಳಗೆ ಆಡುತ್ತದೆ, ನರಳುವ ಸದ್ದು ಕೇಳುತ್ತದೆ, ಹುಲಿಯ ಗುರುಗುಟ್ಟುವಿಕೆಯೂ ಕೇಳುತ್ತದೆ. ತಿನ್ನುವ ಪ್ರಾಣಿಯ ಆಟಕ್ಕೆ ಯಂತ್ರವನ್ನು ಜೋಡಿಸಿದವರಲ್ಲಿ ಜಪಾನಿನವರು ಮೊದಲಿಗರಲ್ಲ ಎಂದು ನಾನು ತಂಗಿಯ ಮಗನಿಗೆ ಹೇಳಿದೆ. ಅವನಿಗೆ ಬಹಳ ಖುಷಿಯಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಮಡಿದ. ಗೊಂಬೆ ಲಂಡನ್ನಿಗೆ ಹೋಯಿತು. ಈಗ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಗೆದ್ದ ಇಂಗ್ಲಿಷರು ಯುದ್ಧದಲ್ಲಿ ಕಾದಿದವರಿಗೆ ಹಂಚಲು ಒಂದು ಪದಕವನ್ನು ಮಾಡಿಸಿದರು. ಅದರಲ್ಲಿರುವ ಚಿತ್ರ ಯಾವುದು ಗೊತ್ತೇ? ಬ್ರಿಟಿಷ್ ಸಿಂಹವೊಂದು ಹುಲಿಯನ್ನು ಕೆಳಗೆ ಕೆಡವಿಕೊಂಡಿದೆ! ಸಿಂಹ ಹುಲಿಯನ್ನು ತಿಂದರೆ ಏನಾಗುತ್ತದೆ ಎಂಬ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಇತಿಹಾಸ ಕೊಟ್ಟ ಉತ್ತರ ಇದು: ಅದು ಸಾಮ್ರಾಜ್ಯವಾಗುತ್ತದೆ. ಮೈಸೂರು ಆದ ಮೇಲೆ ಮರಾಠರು, ಆ ಮೇಲೆ ಸಿಖ್ಖರು. ಅರ್ಧ ಶತಮಾನದೊಳಗೆ ಆ ಸಿಂಹ ದೇಶವನ್ನೇ ನುಂಗಿತು. ಮತ್ತೆ ಒಂದು ಶತಮಾನ ಕಳೆಯುವುದರೊಳಗೆ, 1947ರಲ್ಲಿ, ನುಂಗಿದ್ದನ್ನು ಬಿಟ್ಟು ಹೋಗಬೇಕಾಯಿತು. ಕ್ಯೂಬಿವೋರಿನಲ್ಲಿ ಈ ಅಧ್ಯಾಯ ಇಲ್ಲ.

ಟಿಪ್ಪುವಿನ ನಂತರ ಮೈಸೂರಿನ ಗದ್ದುಗೆಯ ಮೇಲೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕೂರಿಸಿದರು. 1831ರಲ್ಲಿ ಆಡಳಿತವನ್ನೇ ಅವರ ಕೈಯಿಂದ ಕಿತ್ತುಕೊಂಡರು. ಹೆಸರಿಗೆ ಮಹಾರಾಜರು, ಮಾಡಲು ರಾಜ್ಯಭಾರವಿಲ್ಲ. ಅವರು 1868ರಲ್ಲಿ ತೀರಿಕೊಳ್ಳುವವರೆಗೂ ವಿದ್ವಾಂಸರನ್ನೂ ಚಿತ್ರಕಾರರನ್ನೂ ಪೋಷಿಸಿದರು, ಜೊತೆಗೆ ಆಟಗಳನ್ನು ಕಟ್ಟಿದರು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ ಎಂಬ ಬೃಹದ್ಗ್ರಂಥದಲ್ಲಿ ‘ಕೌತುಕನಿಧಿ’ ಎಂಬ ಭಾಗವೇ ಇದೆ. ಅದರ ತುಂಬ ಹಾಸಿನ ಆಟಗಳು, ಗಂಜೀಫಾ ಎಲೆಗಳು. ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಗೂ ಒಂದೊಂದೇ ಸಲ ಓಡಿಸುವ ಸಮಸ್ಯೆಯನ್ನು ಬಿಡಿಸಿದವರೂ ಅವರೇ. ರಾಜ್ಯವನ್ನು ಕಳೆದುಕೊಂಡ ರಾಜ ಆಟದ ಮನೆಗಳನ್ನು ಒಂದೊಂದಾಗಿ ಗೆಲ್ಲುತ್ತ ಕುಳಿತದ್ದನ್ನು ನೆನೆದರೆ ನನಗೆ ಕನಿಕರವೂ ಆಗುತ್ತದೆ, ಗೌರವವೂ ಬರುತ್ತದೆ.

ಆ 1831ಕ್ಕೆ ಕಾರಣವಾದದ್ದು ನಮ್ಮದೇ ಸೀಮೆ. ಕಂದಾಯದ ಹೊರೆ, ಅಧಿಕಾರಿಗಳ ಕಿರುಕುಳ ತಾಳಲಾರದೆ 1830-31ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿದರು, ಕಂದಾಯ ಕೊಡುವುದಿಲ್ಲವೆಂದರು. ಒಬ್ಬೊಬ್ಬರಾಗಿ ನಿಂತರೆ ಅವರು ಯಾವ ಲೆಕ್ಕಕ್ಕೂ ಇಲ್ಲದ ಬಡವರು. ಸೇರಿ ನಿಂತಾಗ ಸರಕಾರವೇ ಅಲ್ಲಾಡಿತು. ಅದರ ಲಾಭವನ್ನು ಇಂಗ್ಲಿಷರು ಪಡೆದರೆಂಬುದು ಬೇರೆ ಮಾತು. ನಗರದ ದಂಗೆಯ ಪಾಠ ಮಾಡುವಾಗಲೆಲ್ಲ ನನಗೆ ನೆನಪಾಗುವುದು ಭದ್ರಾವತಿಯ ನಮ್ಮ ಹಳೆಯ ಮನೆಯ ಜಗುಲಿ.

ನನ್ನ ಬಾಲ್ಯ ಭದ್ರಾವತಿಯಲ್ಲಿ ಕಳೆಯಿತು. ಕಾರ್ಖಾನೆಯ ಸೈರನ್ ಕೂಗಿದರೆ ಊರಿಗೆ ಗಂಟೆ ತಿಳಿಯುತ್ತಿತ್ತು. ಬೇಸಿಗೆ ರಜೆಯ ಮಧ್ಯಾಹ್ನ ನಮ್ಮ ಅಜ್ಜಿ ಜಗುಲಿಯ ಮೇಲೆ ಬಳಪದಿಂದ ಗೋಪುರದ ಆಕಾರದ ಗೆರೆಗಳನ್ನು ಎಳೆಯುತ್ತಿದ್ದರು. ಅದು ಹುಲಿ-ಕುರಿ ಆಟ. ಮೂರು ಕಲ್ಲು ಹುಲಿಗಳು, ಹದಿನೈದು ಹುಣಸೆಬೀಜ ಕುರಿಗಳು. ಈ ಮನೆಗಳನ್ನು ಹಂಪಿಯ ಹಾಸುಗಲ್ಲುಗಳ ಮೇಲೆ, ಎಷ್ಟೋ ಊರಿನ ಗುಡಿಯ ಕಟ್ಟೆಗಳ ಮೇಲೆ ಕೊರೆದದ್ದನ್ನು ಇಂದಿಗೂ ನೋಡಬಹುದು. ಹುಲಿ ಒಂದು ಕುರಿಯನ್ನು ಹಾರಿ ಖಾಲಿ ಮನೆಗೆ ಹೋದರೆ ಕುರಿ ಸತ್ತಂತೆ. ಕುರಿಗೆ ಹಾರಲು ಬಾರದು, ತಿನ್ನಲು ಬಾರದು. ಅದು ಮಾಡಬಹುದಾದದ್ದು ಒಂದೇ: ಇನ್ನೊಂದು ಕುರಿಯ ಬೆನ್ನಿಗೆ ನಿಲ್ಲುವುದು. ಬೆನ್ನಿಗೆ ಇನ್ನೊಬ್ಬರಿರುವ ಕುರಿಯನ್ನು ಹುಲಿ ಹಾರಲಾರದು. ಹೀಗೆ ಒಂದಕ್ಕೊಂದು ಆಸರೆಯಾಗಿ ಹುಲಿಗೆ ಅಲ್ಲಾಡಲು ಜಾಗವಿಲ್ಲದಂತೆ ಕಟ್ಟಿಹಾಕಿದರೆ ಕುರಿಗಳು ಗೆದ್ದವು.

ನಾವು ಮಕ್ಕಳೆಲ್ಲ ಹುಲಿಯೇ ಬೇಕೆಂದು ಹಟ ಮಾಡುತ್ತಿದ್ದೆವು. ಅಜ್ಜಿ ಯಾವಾಗಲೂ ಕುರಿಯ ಪಕ್ಷ. “ಹುಲಿ ಆಡೋಕೆ ಹಸಿವು ಸಾಕು ಕಣೇ, ಕುರಿ ಆಡೋಕೆ ಬುದ್ಧಿ ಬೇಕು” ಎನ್ನುತ್ತಿದ್ದರು. ಹೆಚ್ಚಿನ ಸಲ ಗೆಲ್ಲುತ್ತಿದ್ದವರೂ ಅವರೇ. ಮೊದಲು ಒಂದೆರಡು ಕುರಿ ಹೋದರೂ ಗಾಬರಿಯಾಗದೆ ಮೂಲೆಯಿಂದ ಗೋಡೆ ಕಟ್ಟಿದ ಹಾಗೆ ಕಟ್ಟಿಕೊಂಡು ಬರುತ್ತಿದ್ದರು. ಈಗ ಯೋಚಿಸಿದರೆ ಈ ಆಟದ ಇನ್ನೊಂದು ಸೂಕ್ಷ್ಮವೂ ಹೊಳೆಯುತ್ತದೆ. ಇಲ್ಲಿ ಹುಲಿ ಎಷ್ಟು ಕುರಿ ತಿಂದರೂ ಹುಲಿಯಾಗಿಯೇ ಇರುತ್ತದೆ. ಅದಕ್ಕೆ ಇನ್ನೊಂದು ಕಾಲು ಮೂಡುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ಆಟ ಬೆಳೆದಂತೆ ಬಲಗೊಳ್ಳುವುದು ತಿನ್ನುವವನಲ್ಲ, ತಪ್ಪಿಸಿಕೊಳ್ಳಲು ಕಲಿತವರು.

ವಿಜ್ಞಾನ ಹೇಳುವುದೂ ಜಪಾನಿನ ಆಟಕ್ಕಿಂತ ಅಜ್ಜಿಯ ಆಟಕ್ಕೆ ಹತ್ತಿರವಾಗಿದೆ. ನಾನು ವಿಜ್ಞಾನದ ಶಿಕ್ಷಕಿಯಲ್ಲ. ಆದರೆ ಅಧ್ಯಾಪಕರ ಕೊಠಡಿಯಲ್ಲಿ ಮೂವತ್ತು ವರ್ಷ ವಿಜ್ಞಾನದವರ ಪಕ್ಕದಲ್ಲಿ ಕುಳಿತು ಊಟದ ಡಬ್ಬಿ ಬಿಚ್ಚಿದ್ದೇನೆ. ಚಾರ್ಲ್ಸ್ ಡಾರ್ವಿನ್ ತನ್ನ ಜೀವಜಾತಿಗಳ ಉಗಮದ ಪುಸ್ತಕವನ್ನು ಪ್ರಕಟಿಸಿದ್ದು 1859ರಲ್ಲಿ. ‘ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್’ ಎಂಬ ಮಾತು ಅದರಲ್ಲಿ ಇರಲಿಲ್ಲ. ಅದನ್ನು 1864ರಲ್ಲಿ ಹುಟ್ಟುಹಾಕಿದವನು ಹರ್ಬರ್ಟ್ ಸ್ಪೆನ್ಸರ್. ಡಾರ್ವಿನ್ ತನ್ನ ಪುಸ್ತಕದ 1869ರ ಆವೃತ್ತಿಯಲ್ಲಿ ಅದನ್ನು ಸೇರಿಸಿಕೊಂಡ. ಅಲ್ಲಿ ‘ಫಿಟ್’ ಎಂದರೆ ಗಟ್ಟಿಮುಟ್ಟಾದವನು ಎಂದಲ್ಲ, ಇರುವ ಪರಿಸರಕ್ಕೆ ಹೊಂದಿಕೊಂಡವನು ಎಂದು ಅರ್ಥ. ಹೊಂದಿಕೊಂಡದ್ದು ಹುಲಿಯೂ ಆಗಬಹುದು, ಹುಲ್ಲೂ ಆಗಬಹುದು. ಇನ್ನು, ಪ್ರಾಣಿಗಳು ಸಾಮಾನ್ಯವಾಗಿ ತಿಂದ ಪ್ರಾಣಿಯ ಗುಣವನ್ನು ಮೈಗೂಡಿಸಿಕೊಳ್ಳುವುದಿಲ್ಲ. ಜಿಂಕೆ ತಿಂದ ಹುಲಿಗೆ ಕೊಂಬು ಬರುವುದಿಲ್ಲ. ಬದಲಾವಣೆ ಆಗುವುದು ಒಂದು ಜೀವದ ಆಯುಷ್ಯದಲ್ಲಲ್ಲ, ತಲೆತಲಾಂತರದಲ್ಲಿ, ಹುಟ್ಟಿನಲ್ಲಿಯೇ ಬರುವ ಸಣ್ಣಸಣ್ಣ ವ್ಯತ್ಯಾಸಗಳಿಂದ. ನಿಜವಾದ ಹುಲಿಯ ಹೆಚ್ಚಿನ ಬೇಟೆಗಳು ತಪ್ಪಿಹೋಗುತ್ತವೆ. ಅದು ದಿನಗಟ್ಟಲೆ ಉಪವಾಸವೂ ಇರುತ್ತದೆ.

ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ ಏಕೆ ಕಾಡಿನಲ್ಲಿ ಇಲ್ಲ ಎಂಬುದಕ್ಕೂ ವಿಜ್ಞಾನದಲ್ಲಿ ಉತ್ತರವಿದೆ. ಹುಲ್ಲಿನಲ್ಲಿರುವ ಶಕ್ತಿಯಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಜಿಂಕೆಯ ಮೈಗೆ ಸೇರುತ್ತದೆ; ಅದರಲ್ಲಿ ಮತ್ತೆ ಹತ್ತರಲ್ಲಿ ಒಂದು ಪಾಲು ಹುಲಿಗೆ. ಉಳಿದದ್ದೆಲ್ಲ ಉಸಿರಾಟ, ಓಡಾಟ, ಮೈಯ ಬಿಸಿಗೆ ಖರ್ಚು. ಸಂಬಳ ಬಂದ ದಿನ ಮನೆಯ ಲೆಕ್ಕ ಬರೆಯುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಾಲ್ಕಾರು ಮೆಟ್ಟಿಲು ಏರುವಷ್ಟರಲ್ಲಿ ಕೈಯಲ್ಲಿ ಏನೂ ಉಳಿಯದು. ಆದ್ದರಿಂದಲೇ ಒಂದು ಹುಲಿಗೆ ಅಷ್ಟೊಂದು ಕಾಡು ಬೇಕು, ಅಷ್ಟೊಂದು ಜಿಂಕೆ ಬೇಕು. ಹುಲಿಗಳನ್ನೇ ತಿಂದು ಬದುಕುವ ಪ್ರಾಣಿಗೆ ಈ ಭೂಮಿಯ ಮೇಲೆ ಹೊಟ್ಟೆ ತುಂಬುವುದಿಲ್ಲ. ಅದು ಕಲ್ಲಿನಲ್ಲಿ ಮಾತ್ರ ಬದುಕಬಲ್ಲದು.

ಭದ್ರಾವತಿಯಲ್ಲಿ ಬೆಳೆದವಳಿಗೆ ಈ ಲೆಕ್ಕದ ಇನ್ನೊಂದು ಮುಖವೂ ಕಾಣುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಶುರುವಾಗಿ 1923ರಲ್ಲಿ ಕಬ್ಬಿಣ ಹೊರಬಂತು. ಕಲ್ಲಿದ್ದಲು ದೂರವಿದ್ದುದರಿಂದ ಮಲೆನಾಡಿನ ಮರಗಳನ್ನು ಇದ್ದಿಲು ಮಾಡಿ ಕುಲುಮೆಗೆ ಹಾಕಿದರು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. ಕುಲುಮೆ ಕಾಡನ್ನು ತಿಂದಿತು. ಸಾವಿರಾರು ಮನೆಗಳು ಕುಲುಮೆಯಿಂದ ಅನ್ನ ತಿಂದವು. ನಾನು ಓದಿ ಮೇಷ್ಟರಾದದ್ದೂ ಆ ಅನ್ನದಿಂದಲೇ. ಅದನ್ನು ಹಳಿಯುವ ಕೃತಘ್ನತೆ ನನ್ನಲ್ಲಿಲ್ಲ. 1998ರಲ್ಲಿ ಆ ಕಾರ್ಖಾನೆ ದೇಶದ ದೊಡ್ಡ ಉಕ್ಕು ಸಂಸ್ಥೆಯೊಳಗೆ ಸೇರಿಹೋಯಿತು. 2010ರ ದಶಕದಲ್ಲಿ ಪಕ್ಕದ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಧರಣಿ ಕುಳಿತರು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬದುಕುವುದು ಹೇಗೆಂದು ಲೆಕ್ಕ ಹಾಕಿದರು. ದೊಡ್ಡದು ಸಣ್ಣದನ್ನು ನುಂಗುವುದೇ ಪ್ರಕೃತಿಯ ನಿಯಮ ಎಂದು ಕೈಚೆಲ್ಲಿ ಕೂರುವುದು ಸುಲಭ. ಆದರೆ ಹೀಗೆ ನುಂಗುವುದಕ್ಕೆ ‘ಮತ್ಸ್ಯನ್ಯಾಯ’ ಎಂದು ಹೆಸರಿಟ್ಟ ನಮ್ಮ ಹಿರಿಯರು ಅದನ್ನು ಹೊಗಳಲು ಹಾಗೆ ಕರೆಯಲಿಲ್ಲ. ಆಳುವವನಿಲ್ಲದ, ಕೇಳುವವನಿಲ್ಲದ ನಾಡಿನ ದುರವಸ್ಥೆಗೆ ಅದು ಹೆಸರು. ದೊಡ್ಡ ಮೀನು ಸಣ್ಣ ಮೀನನ್ನು ನುಂಗದಂತೆ ನೋಡಿಕೊಳ್ಳುವುದಕ್ಕೇ ರಾಜ್ಯವೆಂಬುದು ಹುಟ್ಟಿತೆಂದು ಅವರ ವಾದ.

ದೂರ ಹೋಗುವುದೇಕೆ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ನಮ್ಮಲ್ಲಿಲ್ಲವೇ? ಅತ್ತೆಯಿಂದ ನೊಂದ ಸೊಸೆ ತಾನು ಅತ್ತೆಯಾದ ದಿನ ಅದೇ ರೂಪ ತಾಳುವುದನ್ನು ನಾವೆಲ್ಲ ನೋಡಿದ್ದೇವೆ. ಅದೂ ಒಂದು ವಿಕಾಸವೇ. ತಲೆಮಾರಿನಿಂದ ತಲೆಮಾರಿಗೆ ಒಂದು ಕಾಲು ಹೆಚ್ಚು. ಆದರೆ ಆ ಸಾಲನ್ನು ಮುರಿದವರನ್ನೂ ನಾನು ಕಂಡಿದ್ದೇನೆ. ನಮ್ಮ ಅಜ್ಜಿ ತಮ್ಮ ಅತ್ತೆಯ ಮನೆಯಲ್ಲಿ ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದದ್ದನ್ನು ಉಂಡವರು. ನಮ್ಮ ಅಮ್ಮ ಸೊಸೆಯಾಗಿ ಬಂದ ಮೊದಲ ವಾರವೇ ಅವರು ತಮ್ಮ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ, “ನೀನೂ ಕೂತ್ಕೋ, ಬಡಿಸಿಕೊಂಡು ಉಣ್ಣೋಣ” ಎಂದರಂತೆ. ಅಮ್ಮ ಇದನ್ನು ಹೇಳುವಾಗಲೆಲ್ಲ ಅವರ ದನಿ ಸ್ವಲ್ಪ ತಗ್ಗುತ್ತಿತ್ತು. ಕುರಿಯ ಪಕ್ಷ ಆಡುತ್ತಿದ್ದ ಅಜ್ಜಿ ಆ ಬುದ್ಧಿಯನ್ನು ಜಗುಲಿಯ ಮೇಲೆ ಮಾತ್ರ ಖರ್ಚು ಮಾಡಿರಲಿಲ್ಲ.

ಮಕ್ಕಳು ಇಂಥ ಆಟ ಆಡಬಾರದೆಂದು ನಾನು ಹೇಳುವುದಿಲ್ಲ. ಹೇಳಿದರೂ ಅವರು ಕೇಳುವವರಲ್ಲ. ಬೇಲೂರಿನ ಶಿಲ್ಪಿಯೂ ಅದನ್ನೇ ಕೆತ್ತಿದ, ಟಿಪ್ಪುವೂ ಅದನ್ನೇ ಆಡಿದ. ಆದರೆ ಶಿಲ್ಪಿ ತನ್ನ ತಿನ್ನುವ ಸಾಲಿನ ಪಕ್ಕದಲ್ಲಿ ಒಬ್ಬ ಋಷಿಯನ್ನು ನಿಲ್ಲಿಸಿದ. ಅವನು ಯಾರನ್ನೂ ತಿನ್ನುತ್ತಿಲ್ಲ, ಯಾರೂ ಅವನನ್ನು ತಿನ್ನುತ್ತಿಲ್ಲ. ನೋಡುತ್ತಿದ್ದಾನೆ, ಬೆರಗಾಗಿದ್ದಾನೆ, ಯೋಚಿಸುತ್ತಿದ್ದಾನೆ. ಗಾಜಿನ ತೆರೆಯ ಆಟದಲ್ಲಿ ಇಲ್ಲದಿರುವುದು ಅವನೊಬ್ಬನೇ. ಮಗು ಆಡುವಾಗ ಪಕ್ಕದಲ್ಲಿ ಕುಳಿತು, “ಅದು ಸರಿ ಕಣೋ, ಎಲ್ಲರನ್ನೂ ತಿಂದು ಮುಗಿಸಿದ ಮೇಲೆ ಯಾರ ಜೊತೆ ಆಡ್ತೀಯ?” ಎಂದು ಕೇಳುವ ಒಬ್ಬ ದೊಡ್ಡಮ್ಮನೋ ಅಜ್ಜಿಯೋ ಇದ್ದರೆ ಆ ಜಾಗ ತುಂಬಿದಂತೆ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ನಿಮ್ಮ ಮಗನದೋ ಮಗಳದೋ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕಪಾಟಿನಲ್ಲಿದ್ದರೆ ಒಮ್ಮೆ ತೆಗೆದು ಅದರ ಮೇಲಿನ ಕರ್ನಾಟಕ ಸರಕಾರದ ಲಾಂಛನವನ್ನು ನೋಡಿ. ನಡುವೆ ಮೈಸೂರು ಅ‌ರಸರಿಂದ ಬಂದ ಗಂಡಭೇರುಂಡವಿದೆ. ಎರಡು ಪಕ್ಕದಲ್ಲಿ ಆನೆಯ ಮುಖ, ಸಿಂಹದ ಮೈಯ ಶರಭಗಳಿವೆ. ನೆತ್ತಿಯ ಮೇಲೆ ಅಶೋಕನ ಸಿಂಹಗಳಿವೆ, ಅವುಗಳ ಪಾದದಡಿ ಕುದುರೆಯೂ ಎತ್ತೂ ಇವೆ. ಬೇಲೂರಿನ ಕಲ್ಲಿನಲ್ಲಿ ಒಂದನ್ನೊಂದು ಹಿಡಿದು ಸೀಳುತ್ತಿದ್ದ ಅವೇ ಪ್ರಾಣಿಗಳು ಇಲ್ಲಿ ಒಂದರ ಭಾರವನ್ನೊಂದು ಹೊತ್ತು ನಿಂತಿವೆ. ಯಾವುದೂ ಯಾವುದನ್ನೂ ತಿನ್ನುತ್ತಿಲ್ಲ. ಎತ್ತಿನ ತಲೆಯ ಮೇಲೆ ಸಿಂಹವಿದ್ದರೂ ಎತ್ತು ಹೆದರಿಲ್ಲ. ಅದರ ಕೆಳಗೆ ನಮ್ಮ ಮಕ್ಕಳ ಹೆಸರು ಬರೆದಿದೆ.